ಆರ್ಡಿಸ್ ಟ್ವೀಟನ್ ಹೇಳದ ಹೆಸರು

ನಮ್ಮ ಹಾಲ್ವರ್ಡ್ ಊರಿನಲ್ಲಿ ಆರ್ಡಿಸ್ ಟ್ವೀಟನ್ ಎಂದರೆ ಸಾಕು, ಜನ, "ಆ ಪಾಪದ ಹುಡುಗಿಯ ಗುಟ್ಟನ್ನ ಊರಿಗೆಲ್ಲ ಹಂಚಿದೋಳು" ಎನ್ನುತ್ತಾರೆ. ಮೂವತ್ತೊಂದು ವರ್ಷ ಅವಳು ಬೇಯಿಸಿ ಹಾಕಿದ್ದನ್ನು ತಿಂದು ಬೆಳೆದವರೇ ಹೀಗೆನ್ನುವುದು. ಅದು ಸುಳ್ಳು. ಹುಡುಗಿಯ ಹೆಸರನ್ನು ಬಾಯಿಬಿಟ್ಟವಳು ನಾನು, ಲವಾನ್ ಸ್ಕಾರ್, ವಯಸ್ಸು ಎಪ್ಪತ್ತೆರಡು, ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕಾಯಿಸುವುದರಲ್ಲಿ ಎತ್ತಿದ ಕೈ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬಾಯಿ ಮುಚ್ಚಿಕೊಂಡು ಐದು ತಿಂಗಳು ಓಡಾಡಿಕೊಂಡಿದ್ದೆನಲ್ಲ, ಅದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಆರ್ಡಿಸ್‌ಳನ್ನು ನಾನು ಎರಡನೆಯ ತರಗತಿಯಿಂದ ಬಲ್ಲೆ. ಎತ್ತರದ ಹೆಂಗಸು, ಎಲುಬು ಎದ್ದು ಕಾಣುವ ಕೈಗಳು, ಮಾತು ಅಳೆದು ತೂಗಿದಷ್ಟು. ಗಂಡ ಆರ್ವಲ್ ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕಿದ್ದ. ಮಕ್ಕಳಾಗಲಿಲ್ಲ. ಶಾಲೆಯ ಅಡುಗೆಮನೆಗೆ ಸೇರಿದ ಮೇಲೆ ಊರಿನ ಮಕ್ಕಳೆಲ್ಲ ಅವಳ ಮುಂದೆಯೇ ತಿಂದುಂಡು ದೊಡ್ಡವರಾದರು. ಆದರೆ ಅವಳು ಮಕ್ಕಳ ಮುಖ ಕಂಡದ್ದು ಕಡಿಮೆ. ಬಡಿಸುವ ಕೆಲಸ ಬೇರೆಯವರದು. ಅಡುಗೆ ಮುಗಿದ ಮೇಲೆ ಆರ್ಡಿಸ್ ಎಂಜಲು ತಟ್ಟೆಗಳ ಕಿಂಡಿಯ ಹಿಂದೆ ನಿಲ್ಲುತ್ತಿದ್ದಳು. ಗೋಡೆಯಲ್ಲಿ ಮೊಣಕೈ ಎತ್ತರಕ್ಕೆ ಕೊರೆದ ಅಗಲವಾದ ಕಿಂಡಿ ಅದು. ಮಕ್ಕಳು ಹೊರಗಿನಿಂದ ತಟ್ಟೆ ತಳ್ಳುತ್ತಾರೆ, ಒಳಗಿದ್ದವರಿಗೆ ಕೈ ಮತ್ತು ತಟ್ಟೆ ಮಾತ್ರ ಕಾಣುತ್ತದೆ.

ಆ ಕಿಂಡಿಯಿಂದಲೇ ಅವಳು ಊರನ್ನೆಲ್ಲ ಓದಿಕೊಂಡಿದ್ದಳು. ಯಾವ ಕೈ ಯಾರದು, ಯಾರು ಬಟಾಣಿ ಬಿಡುತ್ತಾರೆ, ಯಾರು ಪರೀಕ್ಷೆಯ ದಿನ ಹಾಲು ಮುಟ್ಟುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಒಮ್ಮೆ ಮೂವರು ಅಕ್ಕತಂಗಿಯರ ತಟ್ಟೆಗಳಲ್ಲಿ ಪ್ರತಿ ಶುಕ್ರವಾರ ಬ್ರೆಡ್ ಬನ್ನಿನ ಚೂರೂ ಇರುತ್ತಿರಲಿಲ್ಲ, ಕಾಗದದ ಕರವಸ್ತ್ರವೂ ಇರುತ್ತಿರಲಿಲ್ಲ. ಉಳಿದ ದಿನ ಎರಡೂ ಇರುತ್ತಿದ್ದವು. ಬನ್ನನ್ನು ಅದರಲ್ಲಿ ಸುತ್ತಿ ಒಯ್ಯುತ್ತಿದ್ದಾರೆ, ಶನಿವಾರ ಭಾನುವಾರಕ್ಕೆ ಮನೆಯಲ್ಲಿ ಏನೂ ಇಲ್ಲ ಎಂದು ಆರ್ಡಿಸ್‌ಗೆ ತಿಳಿಯಿತು. ಅವಳು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಶುಕ್ರವಾರ ಎಲ್ಲ ಮಕ್ಕಳಿಗೂ ಎರಡೆರಡು ಬನ್ನು ಎಂದು ಅಡುಗೆಯ ಪಟ್ಟಿಯನ್ನೇ ಬದಲಾಯಿಸಿಬಿಟ್ಟಳು. ಆ ಪದ್ಧತಿ ಇಂದಿಗೂ ಇದೆ, ಯಾಕೆಂದು ಈಗಿನವರಿಗೆ ಗೊತ್ತಿಲ್ಲ. ಗುಟ್ಟು ಹಂಚುವವಳು ಎಂದು ಊರು ಹೇಳುತ್ತಿರುವುದು ಇವಳನ್ನು.

ನಮ್ಮೂರಿನ ಇನ್ನೊಂದು ವಿಷಯ ಹೇಳಬೇಕು. ಇಲ್ಲಿ 'ಹೇಗಿದೀರಿ' ಎಂಬುದಕ್ಕೆ ಇರುವುದು ಒಂದೇ ಉತ್ತರ, 'ಪರವಾಗಿಲ್ಲ'. ಮದುವೆಯಾದರೂ ಪರವಾಗಿಲ್ಲ, ಆಲಿಕಲ್ಲು ಬಿದ್ದು ಗೋಧಿ ನೆಲ ಕಚ್ಚಿದರೂ ಪರವಾಗಿಲ್ಲ. ಆರ್ವಲ್ ತೀರಿಕೊಂಡ ದಿನ ಮಧ್ಯಾಹ್ನ ನಾನು ಹೋದೆ. ಆರ್ಡಿಸ್ ಅಡುಗೆಮನೆಯಲ್ಲಿ ಮಂಡಿಯೂರಿ ಒಲೆಯ ಒಳಭಾಗ ಉಜ್ಜುತ್ತಿದ್ದಳು.

"ಹೇಗಿದೀಯ ಆರ್ಡಿಸ್?"

"ಪರವಾಗಿಲ್ಲ. ಒಲೆ ಗಲೀಜಾಗಿತ್ತು."

ನಾನು ಹತ್ತು ನಿಮಿಷ ಕೂತು, ಗಟ್ಟಿಗಿತ್ತಿ ಎಂದು ಮನಸ್ಸಿನಲ್ಲೇ ಮೆಚ್ಚಿ, ಮನೆಗೆ ಬಂದೆ. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಎರಡು ವರ್ಷದ ಹಿಂದೆ ಪಕ್ಕದೂರಿನ ಶಾಲೆಯ ಒಂದು ಮಗು ತಾನಾಗಿಯೇ ಜೀವ ಕಳೆದುಕೊಂಡಿತು. ಆ ಮಗುವೂ ಎಲ್ಲರಿಗೂ 'ಪರವಾಗಿಲ್ಲ' ಎಂದೇ ಹೇಳುತ್ತಿತ್ತಂತೆ. ಆ ಚಳಿಗಾಲದಲ್ಲಿ ನಮ್ಮ ಶಾಲೆಯ ಆಪ್ತಸಲಹೆಗಾರ್ತಿ ನದೀನ್ ಊರಿನವರ ಸಭೆ ಕರೆದಳು. ಮೂರು ಶಾಲೆಗಳಿಗೆ ಅವಳೊಬ್ಬಳೇ. ನಮ್ಮಲ್ಲಿಗೆ ಬರುವುದು ವಾರಕ್ಕೆ ಎರಡು ದಿನ.

"ನಾನೊಬ್ಬಳೇ ಆದ್ರೆ ಆಗಲ್ಲ," ಎಂದಳು ನದೀನ್. "ದೊಡ್ಡೂರಿನ ಆಸ್ಪತ್ರೆಯಿಂದ ಒಬ್ರು ಮನೋವೈದ್ಯೆ ವಾರಕ್ಕೊಂದ್ಸಲ ಕಂಪ್ಯೂಟರ್ ಪರದೆ ಮೇಲೆ ಮಕ್ಕಳ ಜೊತೆ ಮಾತಾಡ್ತಾರೆ. ಆದ್ರೆ ಮಕ್ಕಳು ಅಲ್ಲೀತನಕ ಹೋಗ್ಬೇಕಲ್ಲ. ಅವರು ಮೊದಲು ಬಾಯಿಬಿಡೋದು ನಿಮ್ಮ ಹತ್ರ. ಹೆದರದೆ ಕೂತು ಕೇಳೋರು ಎಂಟು ಜನ ಬೇಕು ನಂಗೆ."

ಚರ್ಚು ತನ್ನ ನೆಲಮಾಳಿಗೆ ಕೊಟ್ಟಿತು. ಅಂಚೆ ಕಚೇರಿಯವಳು, ಅಗ್ನಿಶಾಮಕ ದಳದ ಮುಖ್ಯಸ್ಥ, ನಾನು, ಆರ್ಡಿಸ್, ಹೀಗೆ ಎಂಟು ಜನ ಆರು ಮಂಗಳವಾರ ತರಬೇತಿಗೆ ಕೂತೆವು. ಕಾಯಿಲೆ ಬಂದರೂ ಡಾಕ್ಟರಿಗೆ ತೊಂದರೆ ಕೊಡಬಾರದೆಂದು ಹಲ್ಲು ಕಚ್ಚಿಕೊಂಡು ಕೂರುವ ಜಾತಿ ನಮ್ಮದು. ನಮಗೆ ಮನಸ್ಸಿನ ಮಾತು ಕಲಿಸುವುದೆಂದರೆ ನದೀನ್‌ಗೆ ಸಾಕುಸಾಕಾಯಿತು. ಒಂದು ದಿನ ನನ್ನನ್ನೇ ಮಗುವಾಗಿ ಕೂರಿಸಿ, ಅಗ್ನಿಶಾಮಕದವನನ್ನು ಕೇಳುವವನಾಗಿ ಮಾಡಿದಳು.

"ನಂಗೆ ಬದುಕೇ ಬೇಜಾರಾಗಿದೆ," ಎಂದೆ ನಾನು.

ಅವನು ಕುತ್ತಿಗೆ ಕೆರೆದುಕೊಂಡು, "ಕಾಫಿ ಕುಡೀತೀಯಾ?" ಎಂದ.

ಎಲ್ಲರೂ ನಕ್ಕೆವು. ಆಮೇಲೆ ಆರ್ಡಿಸ್‌ಳ ಸರದಿ ಬಂತು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕೈಗಳನ್ನು ನೋಡಿದಳು. "ಇವತ್ತು ತಟ್ಟೇಲಿ ಏನು ಬಿಟ್ಟೆ?" ಎಂದು ಕೇಳಿದಳು.

ಯಾಕೋ ನಾನು ನಾಟಕ ಮರೆತೆ. ಆ ಬೆಳಿಗ್ಗೆ ನಿಜವಾಗಿಯೂ ರೊಟ್ಟಿ ಅರ್ಧಕ್ಕೇ ಬಿಟ್ಟದ್ದನ್ನು ಹೇಳಿಬಿಟ್ಟೆ. ನದೀನ್ ಎದ್ದು ಆ ಪ್ರಶ್ನೆಯನ್ನು ಹಾಗೆಯೇ ಹಲಗೆಯ ಮೇಲೆ ಬರೆದಳು.

ಕೊನೆಯ ಮಂಗಳವಾರ ನಮಗೆಲ್ಲ ಒಂದೊಂದು ಗುಲಾಬಿ ಬಣ್ಣದ ಕಾಗದ ಕೊಟ್ಟರು. 'ಕೂತು ಕೇಳಿ. ಅಪಾಯ ಅನಿಸಿದರೆ ಅದೇ ದಿನ ನದೀನ್‌ಗೆ ಹೇಳಿ. ಬೇರೆ ಯಾರಿಗೂ ಹೇಳಬೇಡಿ.' ಇಷ್ಟೇ ಅದರಲ್ಲಿದ್ದದ್ದು. ನನ್ನ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದರ ಪಕ್ಕದ ಕಪಾಟಿನ ಬಾಗಿಲ ಒಳಗೆ ಚರ್ಚಿನ ಪ್ರಾರ್ಥನೆಯ ಸರಪಳಿಯ ಪಟ್ಟಿ ಎಷ್ಟೋ ವರ್ಷದಿಂದ ಅಂಟಿಕೊಂಡಿತ್ತು.

ಸರಪಳಿ ಎಂದರೆ ಯಾರಿಗಾದರೂ ಕಷ್ಟ ಬಂದರೆ ಮೊದಲನೆಯವಳು ಎರಡನೆಯವಳಿಗೆ ಫೋನ್ ಮಾಡುತ್ತಾಳೆ, ಎರಡನೆಯವಳು ಮೂರನೆಯವಳಿಗೆ. ಹೀಗೆ ಇಪ್ಪತ್ತಮೂರು ಮನೆ. ಕೇಳಿದ್ದನ್ನು ಕೇಳಿದಂತೆ ದಾಟಿಸಬೇಕು, ಒಂದಕ್ಷರ ಸೇರಿಸಬಾರದು. ಪಟ್ಟಿಯಲ್ಲಿ ಆರ್ಡಿಸ್ ಮೊದಲನೆಯವಳು, ನಾನು ಎರಡನೆಯವಳು.

ಪ್ರತಿ ಬುಧವಾರ ಶಾಲೆ ಬಿಟ್ಟ ಮೇಲೆ ನೆಲಮಾಳಿಗೆ ತೆರೆಯುತ್ತಿದ್ದೆವು. ಮೊದಮೊದಲು ಮಕ್ಕಳು ಬಂದದ್ದು ತಿಂಡಿಗೆ. ಆಮೇಲೆ ಹನ್ನೊಂದು ಮಕ್ಕಳು ತಪ್ಪದೆ ಬರತೊಡಗಿದರು. ಅವರಲ್ಲಿ ಜೋರಿ ಒಬ್ಬಳು. ಹದಿನೈದು ವರ್ಷ, ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವ ಹುಡುಗಿ, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿರುತ್ತಿತ್ತು. ಖರ್ಜೂರದ ಸಿಹಿ ತುಂಡು ಒಂದನ್ನು ತೆಗೆದುಕೊಂಡು, ತಿನ್ನದೆ, ಪುಡಿಪುಡಿ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಆರ್ಡಿಸ್ ಮೂರು ವಾರ ಅದನ್ನು ನೋಡಿದಳು. ನಾಲ್ಕನೆಯ ವಾರ ಪಕ್ಕದಲ್ಲಿ ಕೂತು ತನ್ನ ಪ್ರಶ್ನೆ ಕೇಳಿದಳು.

"ಎಲ್ಲಾ," ಎಂದಳು ಜೋರಿ.

ಅಂದಿನಿಂದ ಅವರಿಬ್ಬರೂ ಮೂಲೆಯ ಮೇಜಿಗೆ ಕೂರತೊಡಗಿದರು. ಅಕ್ಟೋಬರಿನ ಒಂದು ಬುಧವಾರ, ಸಕ್ಕರೆ ಬೀಟ್ ಗೆಡ್ಡೆಯ ಕೊಯ್ಲಿನ ಲಾರಿಗಳು ಹೊರಗೆ ಓಡಾಡುತ್ತಿದ್ದಾಗ, ಬೆಳಿಗ್ಗೆ ಏಳದೆಯೇ ಇದ್ದುಬಿಟ್ಟರೆ ಸಾಕು ಅನಿಸುತ್ತದೆ ಎಂದು ಹುಡುಗಿ ಹೇಳಿದಳು. ಆರ್ಡಿಸ್ ಗಾಬರಿಯಾಗಲಿಲ್ಲ. ಕೂತು ಪೂರ್ತಿ ಕೇಳಿದಳು. "ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲ ಮಗಾ, ನದೀನ್‌ಗೆ ಹೇಳೋಣ, ನೀನೂ ಜೊತೇಲೇ ಇರು, ಬೇರೆ ಯಾರಿಗೂ ಹೇಳಲ್ಲ," ಎಂದು ಅವಳ ಎದುರೇ ಫೋನ್ ಮಾಡಿದಳು. ಐದು ಗಂಟೆಗೆ ತಾಯಿ ವೃದ್ಧಾಶ್ರಮದ ಕೆಲಸದ ಬಟ್ಟೆಯಲ್ಲೇ ಬಂದು ಕರೆದುಕೊಂಡು ಹೋಗುವ ತನಕ ಹುಡುಗಿಯ ಕೈ ಬಿಡಲಿಲ್ಲ. ಮಾರನೆಯ ದಿನಕ್ಕೆ ಮನೋವೈದ್ಯೆಯ ಭೇಟಿ ನಿಗದಿಯಾಯಿತು. ಎಲ್ಲವೂ ಗುಲಾಬಿ ಕಾಗದದಲ್ಲಿ ಇದ್ದಂತೆಯೇ ಆಯಿತು. ಅವತ್ತು ನಾನು ನೆಲಮಾಳಿಗೆಗೆ ಹೋಗಿರಲಿಲ್ಲ, ಇದೆಲ್ಲ ತಿಳಿದದ್ದು ಆಮೇಲೆ.

ಅಂದೇ ಸಂಜೆ ಆರು ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು.

"ಲವಾನ್, ಸರಪಳಿಗೆ. ಹೈಸ್ಕೂಲಿನ ಒಂದು ಮಗು ಕಷ್ಟದಲ್ಲಿದೆ. ಪ್ರಾರ್ಥನೆ ಮಾಡಿ. ಹೆಸರು ಬೇಡ, ದೇವರಿಗೆ ಗೊತ್ತು."

"ಹುಡುಗನೋ ಹುಡುಗಿಯೋ?"

"ಮಗು ಅಂದೆನಲ್ಲ," ಎಂದು ಆರ್ಡಿಸ್ ಫೋನ್ ಇಟ್ಟಳು.

ಅಷ್ಟನ್ನೂ ಅವಳು ಹೇಳಬಾರದಿತ್ತು ನಿಜ. ಆದರೆ ನಮ್ಮಲ್ಲಿ ಸರಪಳಿಗೆ ಹೇಳುವುದನ್ನು ಯಾರಿಗೋ ಹೇಳುವುದು ಎಂದು ಯಾರೂ ಎಣಿಸುವುದಿಲ್ಲ. ಐವತ್ತು ವರ್ಷದ ಅಭ್ಯಾಸ, ಒಲೆ ಆರಿಸಿದಷ್ಟೇ ಸಹಜ. ಅವಳ ತಪ್ಪು ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರುವಾಯಿತು.

ನಾನು ಮೂರನೆಯವಳಾದ ವರ್ಡೆಲ್‌ಗೆ ಫೋನ್ ಮಾಡಿದೆ.

"ಯಾರ ಮಗುವೇ?" ಎಂದಳು.

"ಹೆಸರು ಹೇಳಬಾರದಂತೆ."

"ಅಂತೂ ನಿಂಗೆ ಗೊತ್ತು ಅನ್ನು."

ನನ್ನ ಕಣ್ಣೆದುರೇ ಆ ಗುಲಾಬಿ ಕಾಗದವಿತ್ತು. "ಜೋರಿ ಇರ್ಬೇಕು ಕಣೇ," ಎಂದೆ. "ಅವಳಮ್ಮನ ಕಾರು ಐದು ಗಂಟೆಗೆ ಚರ್ಚಿನ ಮುಂದಿತ್ತು, ನಾನೇ ನೋಡ್ದೆ. ಯಾರಿಗೋಸ್ಕರ ಅಂತ ಗೊತ್ತಿದ್ರೆ ಪ್ರಾರ್ಥನೆ ಮಾಡೋರಿಗೂ ಒಳ್ಳೇದಲ್ವಾ."

ಯಾಕೆ ಹೇಳಿದೆ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಗುವಿನ ಮೇಲಿನ ಕಾಳಜಿಯಿಂದಲ್ಲ. 'ನಿಂಗೆ ಗೊತ್ತು ಅನ್ನು' ಎಂದಳಲ್ಲ ವರ್ಡೆಲ್, ಗೊತ್ತು ಎಂದು ತೋರಿಸಿಕೊಳ್ಳುವ ಚಪಲ, ಅಷ್ಟೇ. ದೇವರ ಹೆಸರು ಹೇಳಿಕೊಂಡು ಚಾಡಿ ಹೇಳಿದೆ.

ನಮ್ಮೂರಿನ ಜನ ಕೆಟ್ಟವರಲ್ಲ, ಅದೇ ಬಂದ ಕಷ್ಟ. ಯಾರ ಮನೆಯಲ್ಲಾದರೂ ಸಾವಾದರೆ ಆಲೂಗಡ್ಡೆ, ಮಾಂಸ, ಚೀಸ್ ಹಾಕಿ ಬೇಯಿಸಿದ ಅಡುಗೆಯನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಕೊಂಡುಹೋಗುವುದು ನಮ್ಮ ರೂಢಿ. ಪಾತ್ರೆ ವಾಪಸು ಬರಲೆಂದು ತಳಕ್ಕೆ ಕಾಗದದ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತೇವೆ. ಮಾರನೆಯ ಸಂಜೆ ಜೋರಿ ಮನೋವೈದ್ಯೆಯ ಜೊತೆ ಮೊದಲ ಸಲ ಮಾತಾಡಿ ಮನೆಗೆ ಬಂದಾಗ ಮೆಟ್ಟಿಲ ಮೇಲೆ ಅಂಥ ಮೂರು ಪಾತ್ರೆಗಳಿದ್ದವು. ಒಂದು ನನ್ನದೇ.

"ನಾನಿನ್ನೂ ಸತ್ತಿಲ್ವಲ್ಲ," ಎಂದಳಂತೆ ಹುಡುಗಿ ತಾಯಿಗೆ. ಆ ತಾಯಿ ಅದನ್ನು ನದೀನ್ ಎದುರು ಹೇಳಿ ಅತ್ತಳು.

ಮುಂದಿನ ಬುಧವಾರ ಜೋರಿ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು, ಕೋಟು ಬಿಚ್ಚಲಿಲ್ಲ. ನೇರ ಆರ್ಡಿಸ್‌ಳ ಮುಂದೆ ನಿಂತಳು. ನಾನು ನಾಲ್ಕು ಹೆಜ್ಜೆ ಆಚೆ ಕಾಫಿ ಪಾತ್ರೆ ಹಿಡಿದು ನಿಂತಿದ್ದೆ.

"ನೀವು ಹೇಳಿದ್ರಿ."

"ಹೌದು. ನಾನು ಹೇಳ್ದೆ," ಎಂದಳು ಆರ್ಡಿಸ್.

"ನದೀನ್ ಬಿಟ್ಟು ಬೇರೆ ಯಾರಿಗೂ ಹೇಳಲ್ಲ ಅಂದಿದ್ರಿ."

"ಅಂದಿದ್ದೆ. ತಪ್ಪಾಯ್ತು."

ಹೆಸರು ಹೇಳಿದ್ದು ನಾನಲ್ಲ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಏನು ಮಾಡಿದೆನೆಂದರೆ, ಯಾರಿಗೂ ಬೇಡದ ಒಂದು ಲೋಟಕ್ಕೆ ಕಾಫಿ ಬಗ್ಗಿಸಿದೆ. ಜೋರಿ ಮೆಟ್ಟಿಲು ಹತ್ತಿ ಹೋದಳು.

ಆಮೇಲೆ ಅವಳು ಬರಲಿಲ್ಲ. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಮನೋವೈದ್ಯೆ ಪರದೆಯ ಆಚೆ ಕಾದು ಕೂರುತ್ತಿದ್ದಳಂತೆ, ಈಚೆಯ ಕುರ್ಚಿ ಖಾಲಿ. ಆರ್ಡಿಸ್ ತನ್ನ ಗುಲಾಬಿ ಕಾಗದವನ್ನು ನದೀನ್‌ಗೆ ವಾಪಸು ಕೊಟ್ಟು, ತಪ್ಪು ತನ್ನದೆಂದು ಹೇಳಿ, ಮನೆ ಸೇರಿದಳು. ಅಂಗಡಿಯಲ್ಲಿ ಹೆಂಗಸರು ಅವಳನ್ನು ಕಂಡರೆ ಬೇರೆ ಸಾಲಿಗೆ ಸರಿಯತೊಡಗಿದರು. ವರ್ಡೆಲ್ ಅಂತೂ, "ಮೂವತ್ತು ವರ್ಷ ಮಕ್ಕಳ ಮಧ್ಯೆ ಇದ್ದೋಳಿಗೆ ಅಷ್ಟೂ ಬುದ್ಧಿ ಬೇಡ್ವಾ?" ಎಂದು ನನ್ನೆದುರೇ ಆಡಿದಳು. ನಾನು "ಹೂಂ" ಎಂದೆ. ಆ ಹೂಂಕಾರ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಫೆಬ್ರವರಿಯಲ್ಲಿ ಶಾಲೆಯ ತಟ್ಟೆ ತೊಳೆಯುವವಳಿಗೆ ಮಂಡಿ ಚಿಕಿತ್ಸೆಯಾಯಿತು. ಬದಲಿಗೆ ಜನ ಸಿಗದೆ, ಎಂದೋ ನಿವೃತ್ತಳಾಗಿದ್ದ ಆರ್ಡಿಸ್‌ಳನ್ನೇ ಕರೆದರು. ಕಿಂಡಿಯ ಹಿಂದೆ ನಿಂತರೆ ಮಕ್ಕಳು ತನ್ನ ಮುಖ ನೋಡಬೇಕಾಗಿಲ್ಲ ಎಂದು ಅವಳು ಒಪ್ಪಿಕೊಂಡಳು. ಮಾರ್ಚಿನ ಮೊದಲ ವಾರ ನನ್ನ ಮನೆಗೆ ಬಂದಳು. ಐದು ತಿಂಗಳಲ್ಲಿ ಮೊದಲ ಸಲ. ಕೋಟು ಬಿಚ್ಚದೆಯೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

"ಒಂಬತ್ತು ದಿನ ಆಯ್ತು ಲವಾನ್. ಜೋರಿ ತಟ್ಟೆ ಹೋದ ಹಾಗೇ ವಾಪಸ್ ಬರ್ತಿದೆ. ನದೀನ್‌ಗೆ ದಿನಾ ಹೇಳ್ತಿದೀನಿ. ಅವಳಮ್ಮನೂ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದಾಳೆ. ಆದ್ರೆ ಹುಡುಗಿ ಯಾರ ಹತ್ರಾನೂ ಬಾಯಿ ಬಿಡ್ತಿಲ್ಲ."

ನನಗೆ ತಡೆಯಲಾಗಲಿಲ್ಲ. "ನಿಂಗೆ ಗೊತ್ತಿತ್ತು. ಹೆಸರು ಹೇಳಿದ್ದು ನಾನು ಅಂತ."

"ಸರಪಳೀಲಿ ನನ್ನ ಮುಂದಿನೋಳು ನೀನೊಬ್ಬಳೇ ಅಲ್ವಾ."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ? ನನ್ನ ಕಡೆ ಕೈ ತೋರಿಸಿದ್ರೆ ಆಗ್ತಿತ್ತಲ್ಲ."

ಆರ್ಡಿಸ್ ತನ್ನ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದಳು. "ನಾನು ಹೇಳಿಲ್ಲ ಅಂದಿದ್ರೆ, ಮತ್ಯಾರು ಅಂತ ಅವಳು ಹುಡುಕ್ತಿದ್ದಳು. ಊರೋರ ಮುಖ ಎಲ್ಲ ಅನುಮಾನದಲ್ಲಿ ನೋಡ್ತಿದ್ದಳು. ನಾನೊಬ್ಬಳೇ ಕೆಟ್ಟೋಳಾದ್ರೆ, ನಂಬೋಕೆ ಉಳಿದೋರಾದ್ರೂ ಇರ್ತಾರಲ್ಲ ಅಂದ್ಕೊಂಡೆ." ಕೈಗಳನ್ನು ಮೇಜಿನಿಂದ ತೆಗೆದು, "ಹಾಗಾಗಲಿಲ್ಲ. ಅವಳು ಎಲ್ಲರನ್ನೂ ಬಿಟ್ಟಳು," ಎಂದಳು.

"ಆದ್ರೂ ತಪ್ಪು ನಂದು."

"ನಂದೂ ಇದೆ. ದೇವರಿಗೆ ಹೇಳ್ತಿದೀನಿ ಅಂದ್ಕೊಂಡೆ. ಫೋನ್ ಮಾಡಿದ್ದು ನಿಂಗೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲೂ ಇಲ್ಲ, ಹೋಗಿ ಹೇಳು ಎನ್ನಲೂ ಇಲ್ಲ. ಎದ್ದು ಹೊರಟಳು. ನನ್ನ ಅರವತ್ತೈದು ವರ್ಷದ ಗೆಳತಿ ನನ್ನ ಕಣ್ಣಲ್ಲಿ ಕಣ್ಣಿಡದೆ ಹೊರಟಳು.

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಜೋರಿಯ ಮನೆಯ ಬಾಗಿಲು ಬಡಿದೆ. ತಾಯಿ ಬಾಗಿಲು ತೆಗೆದಳು, ಹಿಂದೆಯೇ ಹುಡುಗಿಯೂ ಬಂದು ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೊಸಲಲ್ಲೇ ಉದುರಿಹೋಯಿತು.

"ನಿನ್ನ ಹೆಸರು ಹೇಳಿದ್ದು ನಾನು ಜೋರಿ. ಆರ್ಡಿಸ್ ಹೆಸರು ಬೇಡ ಅಂದಿದ್ದಳು. ನಾನೇ ಕಾರು ನೋಡಿ, ಊಹೆ ಮಾಡಿ, ಸೇರಿಸ್ದೆ. ನಿನಗೆ ಒಳ್ಳೇದಾಗ್ಲಿ ಅಂತಲ್ಲ. ನಂಗೆ ಗೊತ್ತು ಅಂತ ತೋರಿಸ್ಕೊಳ್ಳೋಕೆ."

ತಾಯಿ ನನ್ನನ್ನು ನೋಡಿದ ರೀತಿ ನಾನು ಸಾಯುವ ತನಕ ಮರೆಯುವುದಿಲ್ಲ. ಜೋರಿ ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದುಕೊಂಡೆ. ಅವಳು ನನ್ನ ಗಾಜಿನ ಪಾತ್ರೆ ಹಿಡಿದು ಬಂದಳು. ತೊಳೆದಿತ್ತು. ತಳದಲ್ಲಿ ನನ್ನ ಹೆಸರಿನ ಪಟ್ಟಿ ಇನ್ನೂ ಇತ್ತು.

"ಆರ್ಡಿಸ್‌ಗೆ ಗೊತ್ತಿತ್ತಾ, ನೀವು ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ನಾನು ಬೈದಿದ್ದನ್ನ ಹಾಗೇ ಕೇಳ್ಕೊಂಡ್ರಾ?"

"ಹೂಂ."

ಅವಳು ಪಾತ್ರೆಯನ್ನು ನನ್ನ ಕೈಗಿಟ್ಟಳು. "ನಂಗೊಬ್ಬಳಿಗೆ ಹೇಳಿದ್ರೆ ಸಾಲದು. ಆ ಪಟ್ಟೀಲಿ ಇರೋರಿಗೆಲ್ಲ ಹೇಳಿ."

ಆ ಸಂಜೆ ಕಪಾಟಿನ ಬಾಗಿಲು ತೆರೆದುಕೊಂಡು ನಿಂತೆ. ಸರಪಳಿಯ ಕ್ರಮದಲ್ಲೇ, ಆದರೆ ಯಾರ ಕೈಗೂ ದಾಟಿಸದೆ, ಒಂದೊಂದು ಮನೆಗೂ ನಾನೇ ಫೋನ್ ಮಾಡಿ ಹೇಳಿದೆ. "ಓ, ಹೋಗ್ಲಿ ಬಿಡು, ಪರವಾಗಿಲ್ಲ," ಎಂದಳು ವರ್ಡೆಲ್. "ಇಲ್ಲ ವರ್ಡೆಲ್, ಪರವಾ ಇದೆ," ಎಂದೆ. ಪಟ್ಟಿ ಮುಗಿಸಲು ಎರಡು ಸಂಜೆ ಬೇಕಾಯಿತು. ಆದರೆ ಸುದ್ದಿ ಪಟ್ಟಿಯ ಆಚೆಗೂ ಎಂದೋ ಹೋಗಿತ್ತು, ನನ್ನ ತಪ್ಪೊಪ್ಪಿಗೆ ಪಟ್ಟಿಯ ಒಳಗೇ ನಿಂತಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂದಿನದನ್ನು ನನಗೆ ಹೇಳಿದವಳು ನದೀನ್. ಅವಳು ಆ ದಿನ ಊಟದ ಕೋಣೆಯಲ್ಲಿದ್ದಳು. ಜೋರಿ ತಟ್ಟೆ ಹಿಡಿದು ಕಿಂಡಿಯ ಬಳಿ ಬಂದಳು. ಬನ್ನು ಅರ್ಧ ಖಾಲಿಯಾಗಿತ್ತು, ಅಷ್ಟೇ. ತಟ್ಟೆ ತಳ್ಳಿ ಹೊರಟುಹೋಗುವ ಬದಲು ಅವಳು ಬೆನ್ನು ಬಗ್ಗಿಸಿ, ಹಿಂದಿದ್ದ ಮಕ್ಕಳ ಸಾಲನ್ನು ನಿಲ್ಲಿಸಿ, ಕಿಂಡಿಯೊಳಗೆ ಮುಖ ಇಟ್ಟಳು.

"ಆರ್ಡಿಸ್, ಇವತ್ತು ನೀವು ತಟ್ಟೇಲಿ ಏನು ಬಿಟ್ರಿ?"

ಗಂಡ ಸತ್ತ ದಿನವೂ ಪರವಾಗಿಲ್ಲ ಎಂದಿದ್ದವಳು ಆರ್ಡಿಸ್. ನೀರಿನ ಕೊಳಾಯಿ ನಿಲ್ಲಿಸಿದಳು.

"ಎಲ್ಲಾ," ಎಂದಳು. "ಅಕ್ಟೋಬರಿಂದ."

"ನಂದೂ ಅಷ್ಟೇ," ಎಂದಳಂತೆ ಜೋರಿ. ಆ ಗುರುವಾರ ಪರದೆಯ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತಳು. ಈಗ ಬುಧವಾರದ ನೆಲಮಾಳಿಗೆಗೆ ಐದು ಮಕ್ಕಳು ಬರುತ್ತಾರೆ. ಮೂಲೆಯ ಮೇಜಿನಲ್ಲಿ ಆರ್ಡಿಸ್ ಮತ್ತೆ ಕೂರುತ್ತಾಳೆ, ಸರಪಳಿಯ ಪಟ್ಟಿಯಿಂದ ತನ್ನ ಹೆಸರು ತೆಗೆಸಿಹಾಕಿದ್ದಾಳೆ. ನನ್ನನ್ನು ಕಾಫಿ ಕಾಯಿಸಲು ಮಾತ್ರ ಬಿಟ್ಟಿದ್ದಾರೆ, ಅದು ಸರಿಯೇ. ಜೋರಿ ನನ್ನ ಕೈಯಿಂದ ಲೋಟ ತೆಗೆದುಕೊಂಡು "ಥ್ಯಾಂಕ್ಸ್" ಎನ್ನುತ್ತಾಳೆ. ನಾನು ಪ್ರತಿ ವಾರ "ಹೇಗಿದೀಯಮ್ಮ?" ಎಂದು ಕೇಳುತ್ತೇನೆ.

"ಪರವಾಗಿಲ್ಲ," ಎನ್ನುತ್ತಾಳೆ ನನಗೆ.